ಇಸಿಜಿಯಲ್ಲಿ ಹಾರ್ಟ್ ಬ್ಲಾಕ್‌ಗಳನ್ನು ಗುರುತಿಸೋಕೆ ಸುಲಭದ ಸೂತ್ರ ಯಾವುದಾದ್ರೂ ಇದೆಯಾ?

ಸೂತ್ರ ನನ್ನ ಹತ್ತಿರವೂ ಇತ್ತು. ಹಾರ್ಟ್ ಬ್ಲಾಕ್ ಅಂದರೆ ಇಲ್ಲಿ ರಕ್ತನಾಳದ ಅಡ್ಡಿ ಅಲ್ಲ, ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಹೋಗುವ ವಿದ್ಯುತ್ ಸಂಕೇತ ತಡವಾಗುವುದು ಅಥವಾ ನಿಂತುಹೋಗುವುದು. ಫಸ್ಟ್ ಡಿಗ್ರಿ, ವೆಂಕೆಬಾಕ್, ಮೊಬಿಟ್ಜ್ ಎರಡು, ಕಂಪ್ಲೀಟ್ ಬ್ಲಾಕ್ ಅಂತ ಅದರ ಎಲ್ಲ ವಿಧಗಳನ್ನೂ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಆದರೂ ಹೌಸ್ ಸರ್ಜನ್ ಆಗಿದ್ದಾಗ ಕಣ್ಣೆದುರಿಗಿದ್ದ ಬ್ಲಾಕ್ ಕಾಣಲಿಲ್ಲ.

ತಲೆಸುತ್ತು ಅಂತ ವಯಸ್ಸಾದ ಹೆಂಗಸೊಬ್ಬರು ಬಂದಿದ್ದರು. ಬಿಪಿಗೆ ಬೀಟಾ ಬ್ಲಾಕರ್, ಅಂದರೆ ಬಡಿತವನ್ನೂ ನಿಧಾನ ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಬಡಿತ ನಿಮಿಷಕ್ಕೆ 48. ಪ್ರತಿ ಕ್ಯೂಆರ್‌ಎಸ್‌ಗೂ (ಕೆಳಗಿನ ಕೋಣೆಗಳ ಬಡಿತ ತೋರಿಸುವ ಚೂಪು ಗೆರೆ) ಮುಂಚೆ ಒಂದು ಪಿ ಅಲೆ (ಮೇಲಿನ ಕೋಣೆಗಳ ಬಡಿತ ತೋರಿಸುವ ಸಣ್ಣ ಉಬ್ಬು), ಪಿ ಶುರುವಿನಿಂದ ಕ್ಯೂಆರ್‌ಎಸ್ ಶುರುವಿನವರೆಗಿನ ಅಂತರವಾದ ಪಿಆರ್ ಐದು ಸಣ್ಣ ಚೌಕ. ಕ್ಯೂಆರ್‌ಎಸ್ ಸ್ವಲ್ಪ ಅಗಲ ಇತ್ತು, ವಯಸ್ಸಾಗಿದೆಯಲ್ಲ ಅಂತ ಬಿಟ್ಟೆ. ಮೆಷಿನ್ ಬೇರೆ ಮೇಲ್ಗಡೆ ‘ಸೈನಸ್ ಬ್ರಾಡಿಕಾರ್ಡಿಯ’ (ಲಯ ಸರಿ, ಬಡಿತ ಮಾತ್ರ ನಿಧಾನ) ಅಂತ ಅಚ್ಚು ಹಾಕಿತ್ತು. ಮಾತ್ರೆಯ ಡೋಸ್ ಕಡಿಮೆ ಮಾಡಿ ಮನೆಗೆ ಕಳಿಸಿದೆ. ಅವರು ವಾಪಸ್ ಬಂದದ್ದು ಪ್ರಜ್ಞೆ ತಪ್ಪಿ ಬಿದ್ದು, ಸೊಂಟದ ಮೂಳೆ ಮುರಿದುಕೊಂಡು. ಈ ಸಲ ಕಂಪ್ಲೀಟ್ ಬ್ಲಾಕ್. ಪೇಸ್‌ಮೇಕರ್ ಹಾಕಬೇಕಾಯಿತು, ಮೂಳೆಗೆ ಆಪರೇಷನ್ ಬೇರೆ.

ನಮ್ಮ ಸೀನಿಯರ್ ಹಳೇ ಇಸಿಜಿ ತರಿಸಿದರು. ಕೆಳಗಿನ ಉದ್ದ ಸ್ಟ್ರಿಪ್‌ಗೆ ಕಾಗದದ ಅಂಚು ತಾಗಿಸಿ, ಪಕ್ಕಪಕ್ಕದ ಎರಡು ಪಿಗಳಿಗೆ ಪೆನ್ಸಿಲ್ ಗೆರೆ ಹಾಕಿದರು. ಆಮೇಲೆ ಅವುಗಳ ಸರಿಯಾಗಿ ಮಧ್ಯಕ್ಕೆ ಇನ್ನೊಂದು ಗೆರೆ. ಅದು ಬಂದು ನಿಂತದ್ದು ಕ್ಯೂಆರ್‌ಎಸ್ ಆದಮೇಲೆ ಬರುವ ಟಿ ಅಲೆಯ ಇಳಿಜಾರಿನ ಮೇಲೆ. ಅಲ್ಲೊಂದು ಸಣ್ಣ ಉಬ್ಬು. ಮುಂದಿನ ಟಿಯಲ್ಲೂ ಅದೇ ಜಾಗದಲ್ಲಿ ಅದೇ ಉಬ್ಬು. ಅದು ಪಿ! ಹೃದಯದ ಮೇಲಿನ ಕೋಣೆಗಳು 96 ಸಲ ಬಡಿಯುತ್ತಿದ್ದವು, ಒಂದು ಬಿಟ್ಟು ಒಂದು ಮಾತ್ರ ಕೆಳಗೆ ತಲುಪುತ್ತಿತ್ತು. 2:1 ಬ್ಲಾಕ್.

ಪ್ರತಿ ಕ್ಯೂಆರ್‌ಎಸ್‌ಗೂ ಪಿ ಇದೆಯಾ ಅಂತ ನಾನು ನೋಡಿದ್ದೆ. ಪ್ರತಿ ಪಿಗೂ ಕ್ಯೂಆರ್‌ಎಸ್ ಇದೆಯಾ ಅಂತ ನೋಡಲೇ ಇಲ್ಲ. 2:1ರಲ್ಲಿ ಮೊದಲ ಪ್ರಶ್ನೆಗೆ ಯಾವಾಗಲೂ ‘ಹೌದು’ ಅಂತಲೇ ಉತ್ತರ. ಲಯ ಸಮವಾಗಿರುತ್ತದೆ, ಪಿಆರ್ ಬದಲಾಗುವುದಿಲ್ಲ, ಬಡಿತ ನಿಧಾನ ಅಷ್ಟೇ. ಅನುಮಾನಕ್ಕೆ ಜಾಗವೇ ಸಿಗುವುದಿಲ್ಲ, ಅಲ್ವಾ?

ಅದಕ್ಕೇ ನನ್ನ ಪ್ರಕಾರ ನೀವು ಕೇಳುತ್ತಿರುವ ಸೂತ್ರವೇ ಬೇಡ. ಎಲ್ಲ ಸೂತ್ರಗಳೂ ಪಿಗಳು ನಿಮಗೆ ಆಗಲೇ ಸಿಕ್ಕಿವೆ ಅಂದುಕೊಂಡು ಶುರುವಾಗುತ್ತವೆ. ಮೆಷಿನ್ ಅಚ್ಚು ಹಾಕಿದ ಸಾಲನ್ನು ಹಿಂದಕ್ಕೆ ಮಡಚಿಬಿಡಿ. ಇಸಿಜಿ ಕಾಗದದಲ್ಲಿ ಲೀಡ್ 2 ಮತ್ತು ವಿ1 ಅಂತ ಬರೆದಿರುವ ಭಾಗಗಳಲ್ಲಿ ಪಿಗಳನ್ನು ಹುಡುಕಿ. ಪಿ-ಪಿ ಅಂತರವನ್ನು ಕಾಗದದಲ್ಲಿ ಗುರುತು ಮಾಡಿಕೊಂಡು ಜರುಗಿಸುತ್ತಾ ಹೋಗಿ. ಬಡಿತ ನಿಧಾನ ಇದ್ದರಂತೂ ಪ್ರತಿ ಟಿಯನ್ನೂ ಅನುಮಾನಿಸಿ.

ಪಿಗಳು ಸಿಕ್ಕ ಮೇಲೆ ಹೆಸರಿಡೋದು ಕಷ್ಟ ಅಲ್ಲ. ಎಲ್ಲ ಪಿಗಳೂ ಕೆಳಗಿಳಿದು, ಪಿಆರ್ ಮಾತ್ರ 200 ಮಿಲಿಸೆಕೆಂಡ್, ಅಂದರೆ ಒಂದು ದೊಡ್ಡ ಚೌಕ (ಐದು ಸಣ್ಣ ಚೌಕ) ದಾಟಿದ್ದರೆ ಫಸ್ಟ್ ಡಿಗ್ರಿ. ಪಿಆರ್ ಉದ್ದವಾಗುತ್ತಾ ಹೋಗಿ ಒಂದು ಕ್ಯೂಆರ್‌ಎಸ್ ಬಿಟ್ಟುಹೋದರೆ ವೆಂಕೆಬಾಕ್. ಪಿಆರ್ ಬದಲಾಗದೆ ಏಕಾಏಕಿ ಬಿಟ್ಟುಹೋದರೆ ಮೊಬಿಟ್ಜ್ ಎರಡು. ಹೆದರಬೇಕಾದ್ದು ಇದಕ್ಕೆ, ಯಾವಾಗ ಕಂಪ್ಲೀಟ್ ಆಗುತ್ತದೋ ಹೇಳೋಕಾಗಲ್ಲ. ಆದರೆ ಕೆಳಗಿಳಿಯದ ಆ ಪಿ ಹೊತ್ತಿಗೆ ಮುಂಚೆಯೇ ಬಂದಿದ್ದರೆ ಸುಮ್ನೆ ಗಾಬರಿ ಬೀಳಬೇಡಿ, ಅದು ಮಾಮೂಲಿ ಜಾಗ ಬಿಟ್ಟು ಬೇರೆ ಕಡೆಯಿಂದ ಹುಟ್ಟಿದ ಎಕ್ಟೋಪಿಕ್ ಬಡಿತ ಇರಬಹುದು. ಬರೀ 2:1 ಇದ್ದರೆ ವೆಂಕೆಬಾಕಾ ಮೊಬಿಟ್ಜಾ ಅಂತ ತೀರ್ಮಾನಿಸಬೇಡಿ. ಹೋಲಿಸಿ ನೋಡೋಕೆ ಸತತವಾಗಿ ಎರಡು ಪಿಆರ್ ಅಲ್ಲಿ ಇರುವುದೇ ಇಲ್ಲ. ಉದ್ದದ ಸ್ಟ್ರಿಪ್ ತೆಗೆಸಿ, ಕ್ಯೂಆರ್‌ಎಸ್ ಅಗಲ ಇದ್ದರೆ ಜಾಸ್ತಿ ಎಚ್ಚರ ವಹಿಸಿ.

ಪಿಆರ್ ಒಂದೊಂದು ಸಲ ಒಂದೊಂದು ಥರ ಕಂಡರೆ ಆರ್-ಆರ್ ಅಂತರ, ಅಂದರೆ ಒಂದು ಕ್ಯೂಆರ್‌ಎಸ್‌ನಿಂದ ಮುಂದಿನದಕ್ಕೆ ಇರುವ ಅಂತರ ನೋಡಿ. ಬಡಿತಗಳು ಗುಂಪು ಗುಂಪಾಗಿದ್ದರೆ ವೆಂಕೆಬಾಕ್. ನಿಧಾನವಾಗಿ, ಸಮವಾಗಿ ಬರುತ್ತಿದ್ದು, ಪಿಗಳು ತಮ್ಮ ಪಾಡಿಗೆ ತಾವು ಹೋಗುತ್ತಿದ್ದರೆ ಕಂಪ್ಲೀಟ್ ಬ್ಲಾಕ್.

ಬಂಡಲ್ ಬ್ರಾಂಚ್ ಬ್ಲಾಕ್ (ಕೆಳಗಿನ ಕೋಣೆಗಳಿಗೆ ಸಂಕೇತ ಒಯ್ಯುವ ಬಲ ಅಥವಾ ಎಡ ಕವಲಿನಲ್ಲಿ ಅಡ್ಡಿ) ಗುರುತಿಸೋಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಕ್ಯೂಆರ್‌ಎಸ್ ಮೂರು ಸಣ್ಣ ಚೌಕ ಅಥವಾ ಅದಕ್ಕಿಂತ ಅಗಲ ಇದ್ದರೆ ವಿ1ರಲ್ಲಿ ಅದರ ಕೊನೆಯ ಭಾಗ ನೋಡಿ. ಸಾಮಾನ್ಯವಾಗಿ ಮೇಲಕ್ಕಿದ್ದರೆ ಬಲ, ಕೆಳಕ್ಕಿದ್ದರೆ ಎಡ. ವಿ6 ನೋಡಿ ಖಾತ್ರಿ ಮಾಡಿಕೊಳ್ಳಿ.