ಪ್ರತಿಕ್ರಿಯೆ: ಮಾಸ್ಟರ್ ಸಿಲಿಂಡರ್ ದೊಡ್ಡದಾದರೆ ಬ್ರೇಕ್ ಸರಿಹೋಗುತ್ತದೆಯೇ?

ಮುಳ್ಳಯ್ಯನಗಿರಿಯಿಂದ ಇಳಿದು ಕೈಮರ ತಲುಪುವಷ್ಟರಲ್ಲಿ ಪೆಡಲ್ ಮೆತ್ತಗಾಗುತ್ತದೆ, ನಿಮ್ಮ ಹಳೆಯ ಸ್ಪೋರ್ಟ್ಸ್ ಕಾರಿಗೆ 19 ಮಿ.ಮೀ. ಬದಲು 22 ಮಿ.ಮೀ. ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳತ್ತ ತಳ್ಳುವ ಭಾಗ) ಹಾಕಿಸಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ.

ವ್ಯಾಸ ಹೆಚ್ಚಿದರೆ ಪೆಡಲ್ ಕಡಿಮೆ ಇಳಿಯುತ್ತದೆ, ಬಿಗಿಯೆನಿಸುತ್ತದೆ. ಆದರೆ ಬ್ರೇಕಿನ ಬಲ ಹೆಚ್ಚುವುದಿಲ್ಲ. ಸಿಲಿಂಡರಿನ ವಿಸ್ತೀರ್ಣ ವ್ಯಾಸದ ವರ್ಗದಂತೆ ಬೆಳೆಯುತ್ತದೆ, ಹಾಗಾಗಿ 22ರ ವರ್ಗವನ್ನು 19ರ ವರ್ಗದಿಂದ ಭಾಗಿಸಿ: ಸುಮಾರು 1.34. ಅಂದರೆ ಮೊದಲಿನಷ್ಟೇ ಒತ್ತಡ ಬರಲು ಮೂರನೆಯ ಒಂದು ಪಾಲು ಹೆಚ್ಚು ಬಲವಾಗಿ ತುಳಿಯಬೇಕು. ತುಳಿತಕ್ಕೆ ನೆರವಾಗುವ ಬೂಸ್ಟರ್ ಇಲ್ಲದಿದ್ದರೆ ಗಿರಿ ಇಳಿಯುವುದೇ ತೊಡೆಗೆ ವ್ಯಾಯಾಮ. ಮುಂದಿನ ಚಕ್ರಗಳಿಗೆ ದೊಡ್ಡ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಅದುಮುವ ಭಾಗ) ಕೂರಿಸಿದ್ದರೆ ಮಾತು ಬೇರೆ. ಅವಕ್ಕೆ ಹೆಚ್ಚು ಎಣ್ಣೆ ತಳ್ಳಬೇಕಾಗುತ್ತದೆ.

ಊರೊಳಗೆ ಗಟ್ಟಿಯಾಗಿರುವ ಪೆಡಲ್ ಇಳಿಜಾರಿನಲ್ಲಿ ಮಾತ್ರ ಮೆತ್ತಗಾದರೆ ನನ್ನ ಅನುಮಾನ ಬ್ರೇಕ್ ಎಣ್ಣೆಯ ಮೇಲೆ. ಅದು ಗಾಳಿಯ ತೇವ ಹೀರುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕೇಳಬೇಕೇ! ಡಾಟ್ 3 ದರ್ಜೆಯ ಬ್ರೇಕ್ ಎಣ್ಣೆಯ ಕುದಿಬಿಂದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ನೀರು ಹೀರಿದ ಎಣ್ಣೆಗೆ ಆ ಮಿತಿ 140 ಮಾತ್ರ. ಕುದಿದರೆ ಆವಿ, ಆವಿಯಾದರೆ ಪೆಡಲ್ ಸ್ಪಂಜು. ಪೂರ್ತಿ ಬಸಿದು ಡಾಟ್ 4 ತುಂಬಿಸಿ, ಗಾಳಿ ತೆಗೆಸಿ. ಸಿಲಿಕೋನಿನ ಡಾಟ್ 5 ಮಾತ್ರ ಬೆರೆಸಬೇಡಿ. ಎಣ್ಣೆ ಬಣ್ಣಕ್ಕೆ ತಾಗಿದರೆ ತಕ್ಷಣ ನೀರು ಸುರಿಯಿರಿ, ನನ್ನ ಬಾನೆಟ್ಟಿನ ಮೇಲೆ ಇಂದಿಗೂ ಒಂದು ಕಲೆ ಇದೆ. ಇಳಿಯುವಾಗ ಎರಡನೇ ಗೇರಿನಲ್ಲಿರಿ.

ನಿಂತ ಕಾರಿನಲ್ಲಿ ಒತ್ತಿ ಹಿಡಿದ ಪೆಡಲ್ ನಿಧಾನವಾಗಿ ಕುಸಿಯುತ್ತದೆಯೇ? ಹಾಗಾದರೆ, ಹೊರಗೆಲ್ಲೂ ಸೋರಿಕೆ ಇಲ್ಲದಿದ್ದರೆ, ಸಿಲಿಂಡರಿನ ಒಳಗಿನ ರಬ್ಬರ್ ಸವೆದಿರಬಹುದು. ಆಗ ಬದಲಾಯಿಸಿ, ಅದೇ 19ರ ಅಳತೆಯಲ್ಲಿ.