ಕೊಂಡದ್ದು ಸೇನೆ, ರಿಪೇರಿಗೆ ಕಂಪನಿಯ ಅಪ್ಪಣೆ ಯಾಕೆ?

ಪ್ರಶ್ನೆ: ಅಮೆರಿಕದ ಸೈನಿಕರು ತಮ್ಮದೇ ಹೆಲಿಕಾಪ್ಟರ್, ಹಡಗುಗಳ ಸಾಮಾನು ರಿಪೇರಿ ಮಾಡುವಂತಿಲ್ಲ, ಕಂಪನಿಯವರೇ ಬರಬೇಕು ಎಂಬ ಸುದ್ದಿ ಓದಿದೆ. ಇದನ್ನು ಸರಿಮಾಡಲು ಕಾನೂನು ಬರುತ್ತಿದೆ ಎಂದೂ ಇತ್ತು. ಅಷ್ಟು ದುಡ್ಡು ಸುರಿದು ಕೊಂಡ ಮೇಲೂ ಹೀಗೇಕೆ? ಆ ಕಾನೂನು ಏನಾಯಿತು?
– ಹುಬ್ಬಳ್ಳಿಯ ಓದುಗರು

ಉತ್ತರ: ಸುದ್ದಿ ನಿಜ. 2025ರ ಜೂನ್‌ನಲ್ಲಿ ನೌಕಾ ಕಾರ್ಯದರ್ಶಿ ಜಾನ್ ಫೆಲನ್ ಸೆನೆಟ್ ಸಮಿತಿಯ ಮುಂದೆ ಒಂದು ವಿಷಯ ಹೇಳಿದರು. ಅವರು ಜೆರಾಲ್ಡ್ ಫೋರ್ಡ್ ಎಂಬ ವಿಮಾನವಾಹಕ ನೌಕೆಗೆ ಭೇಟಿ ಕೊಟ್ಟಿದ್ದರು. ಅಲ್ಲಿನ ಅಡುಗೆಮನೆಯ 8 ಒವನ್‌ಗಳಲ್ಲಿ 6 ಕೆಟ್ಟು ಕೂತಿದ್ದವು. ದಿನಕ್ಕೆ 15,300 ಊಟ ತಯಾರಾಗಬೇಕಾದ ಹಡಗು ಅದು. ರಿಪೇರಿ ಹೇಗೆ ಅಂತ ನಾವಿಕರಿಗೆ ಗೊತ್ತಿತ್ತು, ಆದರೆ ಗುತ್ತಿಗೆದಾರರನ್ನೇ ಕರೆಸಬೇಕಿತ್ತು. ಅಣು ರಿಯಾಕ್ಟರ್ ನಡೆಸುವ ಹಡಗಿನ ಜನ ಒವನ್ ಮುಟ್ಟುವಂತಿಲ್ಲ ಅಂದ್ರೆ ನಗಬೇಕೋ ಅಳಬೇಕೋ!

ಇನ್ನೊಂದು ಉದಾಹರಣೆ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರಿನದು. ಅದರ ಪರದೆಯನ್ನು ನಿಯಂತ್ರಿಸುವ ಪುಟ್ಟ ನಾಬ್ ಮುರಿಯುತ್ತದೆ. ನಾಬ್ ಮಾತ್ರ ಬೇಕೆಂದರೆ ಸಿಗುವುದಿಲ್ಲ. ಇಡೀ ಜೋಡಣೆಯನ್ನೇ ಕೊಳ್ಳಬೇಕು, ಬೆಲೆ 47,000 ಡಾಲರ್, ಅಂದರೆ ಹತ್ತಿರಹತ್ತಿರ 40 ಲಕ್ಷ ರೂಪಾಯಿ. ಆ ನಾಬನ್ನು ನಾವೇ 15 ಡಾಲರಿಗೆ ಮಾಡಿಕೊಳ್ಳಬಲ್ಲೆವು ಎಂದು 2025ರಲ್ಲಿ ಭೂಸೇನಾ ಕಾರ್ಯದರ್ಶಿಯಾಗಿದ್ದ ಡ್ಯಾನ್ ಡ್ರಿಸ್ಕೋಲ್ ಹೇಳಿದ್ದರು.

ದುಡ್ಡಿಗಿಂತ ದೊಡ್ಡ ತಲೆನೋವು ಸಮಯ. ಜಪಾನಿನ ಒಕಿನಾವಾದಲ್ಲಿದ್ದ ಮರೀನ್ ಸೈನಿಕರು ಎಂಜಿನ್‌ಗಳನ್ನು ಪ್ಯಾಕ್ ಮಾಡಿ ರಿಪೇರಿಗೆಂದು ಅಮೆರಿಕಕ್ಕೆ ಕಳಿಸುತ್ತಿದ್ದುದನ್ನು ಒಬ್ಬ ಮರೀನ್ ಅಧಿಕಾರಿ 2019ರಲ್ಲಿ ಬರೆದಿದ್ದರು. ಯಾಕೆ ಅಂದರೆ ಗುತ್ತಿಗೆಯಲ್ಲಿ ಹಾಗೆ ಬರೆದಿದೆ, ಅಷ್ಟೇ. ಯುದ್ಧ ಶುರುವಾದ ಮೇಲೂ ಹೀಗೇ ಪಾರ್ಸೆಲ್ ಮಾಡುತ್ತಾ ಕೂರುವುದಾ?

ಈಗ ನಿಮ್ಮ 'ಯಾಕೆ'ಗೆ ಬರೋಣ. ಇಲ್ಲಿ ಜಗಳ ಸ್ಪ್ಯಾನರ್‌ನದಲ್ಲ, ಕಾಗದದ್ದು. ಡ್ರಾಯಿಂಗ್, ಕೈಪಿಡಿ, ದೋಷ ಪತ್ತೆ ಮಾಡುವ ಸಾಫ್ಟ್‌ವೇರ್, ಇವು ಯಾರ ಕೈಯಲ್ಲಿವೆ ಅನ್ನುವುದೇ ಪ್ರಶ್ನೆ. ಅಮೆರಿಕದ ರಕ್ಷಣಾ ಖರೀದಿ ನಿಯಮದ ಲೆಕ್ಕ ಸ್ಥೂಲವಾಗಿ ಹೀಗಿದೆ: ಸರ್ಕಾರದ ದುಡ್ಡಿನಲ್ಲಿ ಅಭಿವೃದ್ಧಿಯಾದದ್ದರ ಮೇಲೆ ಸರ್ಕಾರಕ್ಕೆ ಪೂರ್ತಿ ಹಕ್ಕು. ಕಂಪನಿ ತನ್ನ ಕೈಯಿಂದ ಹಾಕಿ ಮಾಡಿದ್ದರ ಮೇಲೆ ಕಡಿಮೆ ಹಕ್ಕು. ಆದರೂ ನಡೆಸಲು, ನಿರ್ವಹಿಸಲು ಬೇಕಾದ ಮಾಹಿತಿ ಮಾತ್ರ ಸರ್ಕಾರಕ್ಕೆ ಸೇರಿದ್ದೇ, ದುಡ್ಡು ಯಾರದ್ದೇ ಆಗಿರಲಿ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಅದಕ್ಕೊಂದು ಬಾಲವಿದೆ. ಭಾಗವನ್ನು ತಯಾರಿಸುವ ವಿವರ ಇದರಲ್ಲಿ ಬರುವುದಿಲ್ಲ. ಪಿನ್ ಹೇಗೆ ಬಿಚ್ಚಬೇಕು ಅನ್ನುವುದು ನಿರ್ವಹಣೆ. ಅದೇ ಪಿನ್ ಯಾವ ಉಕ್ಕಿನದು, ಎಷ್ಟು ಕಾಯಿಸಿ ಹದ ಮಾಡಿದ್ದು ಅನ್ನುವುದು ತಯಾರಿಕೆ. ಇವೆರಡರ ನಡುವೆ ಗೆರೆ ಎಲ್ಲಿ ಎಳೆಯುವುದು ಎಂದು ವಕೀಲರು ವರ್ಷಗಟ್ಟಲೆ ಗುದ್ದಾಡುತ್ತಾರೆ.

ಇನ್ನೊಂದು ಸೂಕ್ಷ್ಮ ಇದೆ, ಸುದ್ದಿಗಳಲ್ಲಿ ಇದು ಬರುವುದು ಕಡಿಮೆ. ಹಕ್ಕು ಇದ್ದರೂ ಕಾಗದ ತಾನಾಗಿ ಬರುವುದಿಲ್ಲ. 'ಇಂಥ ಮಾಹಿತಿಯನ್ನು ನಮಗೆ ತಂದುಕೊಡಬೇಕು' ಎಂದು ಗುತ್ತಿಗೆಯಲ್ಲೇ ಬರೆಸಿ, ಅದಕ್ಕೆ ಬೆಲೆ ಕಟ್ಟಿಸಿಕೊಂಡಿರಬೇಕು. ಖರೀದಿ ಹೊತ್ತಿಗೆ ಬಜೆಟ್ ಬಿಗಿ ಇರುತ್ತದೆ, 'ಕಾಗದ ಆಮೇಲೆ ನೋಡೋಣ' ಎಂದು ಬಿಡುತ್ತಾರೆ. ಮನೆ ಕಟ್ಟಿಸಿ ನಲ್ಲಿ ಪೈಪು ಎಲ್ಲೆಲ್ಲಿ ಹೋಗಿದೆ ಎಂಬ ನಕ್ಷೆ ಇಸಿದುಕೊಳ್ಳದ ಹಾಗೆ. ಆಮೇಲೆ ಕೇಳಿದರೆ ಮಾರುವವನು ಒಬ್ಬನೇ, ಅವನು ಹೇಳಿದ್ದೇ ರೇಟು.

ಎಫ್-35 ಯುದ್ಧವಿಮಾನದಲ್ಲಿ ಆಗಿದ್ದು ಇದೇ. ಶುರುವಿನಲ್ಲೇ ತಾಂತ್ರಿಕ ಮಾಹಿತಿ ಪಡೆದುಕೊಳ್ಳಲಿಲ್ಲ. 2023ರ ಮಾರ್ಚ್‌ನಲ್ಲಿ ಈ ವಿಮಾನಗಳು ಕಾರ್ಯಾಚರಣೆಗೆ ಸಿದ್ಧವಿದ್ದ ಪ್ರಮಾಣ ಸುಮಾರು ಶೇ. 55 ಮಾತ್ರ ಎಂದು ಅಮೆರಿಕದ ಲೆಕ್ಕಪರಿಶೋಧನಾ ಕಚೇರಿ ಹೇಳಿತು. ಅದು ಕೊಟ್ಟ ಕಾರಣಗಳಲ್ಲಿ ಬಿಡಿಭಾಗ ಮತ್ತು ತಾಂತ್ರಿಕ ಮಾಹಿತಿಯ ಕೊರತೆ ಎರಡೂ ಇದ್ದವು. ಇದನ್ನು ಮತ್ತೆ ಮಾಡುವುದಿಲ್ಲ ಎಂದು ಆಗ ವಾಯುಪಡೆ ಕಾರ್ಯದರ್ಶಿಯಾಗಿದ್ದ ಫ್ರಾಂಕ್ ಕೆಂಡಾಲ್ ಬಹಿರಂಗವಾಗಿಯೇ ಹೇಳಿದರು.

ಕಾನೂನಿನ ಕತೆ ಚಿಕ್ಕದು, ಬೇಜಾರಿನದು. ಡೆಮಾಕ್ರಟಿಕ್ ಪಕ್ಷದ ಸೆನೆಟರ್ ಎಲಿಜಬೆತ್ ವಾರನ್ ಮತ್ತು ರಿಪಬ್ಲಿಕನ್ ಪಕ್ಷದ ಸೆನೆಟರ್ ಟಿಮ್ ಶೀಹಿ 2025ರ ಜುಲೈನಲ್ಲಿ ಸೇರಿ, ರಿಪೇರಿಗೆ ಬೇಕಾದ್ದನ್ನು ಕಂಪನಿಗಳು ಸೇನೆಗೆ ಕೊಡಬೇಕು ಎಂಬ ಮಸೂದೆ ತಂದರು. ಯಾವುದರಲ್ಲೂ ಒಮ್ಮತವಿಲ್ಲದ ಕಾಲದಲ್ಲಿ ಇದೇ ದೊಡ್ಡ ವಿಷಯ. ವಾರ್ಷಿಕ ರಕ್ಷಣಾ ಕಾಯ್ದೆಯ ಎರಡೂ ಸದನಗಳ ಕರಡಿನಲ್ಲಿ ರಿಪೇರಿ ಹಕ್ಕಿನ ಕಲಮು ಇತ್ತು. ಡಿಸೆಂಬರ್‌ನಲ್ಲಿ ಎರಡನ್ನೂ ಕೂಡಿಸಿ ಅಂತಿಮ ಪಠ್ಯ ಬಂದಾಗ ಅದು ಮಾಯ! ಉದ್ಯಮದವರು ಜೋರಾಗಿಯೇ ವಿರೋಧಿಸಿದ್ದರು. ನಮ್ಮ ಸಂಶೋಧನೆ ಬೇರೆಯವರ ಪಾಲಾಗುತ್ತದೆ, ಹೀಗಾದರೆ ಹೊಸ ಕಂಪನಿಗಳು ಸೇನೆಯ ಹತ್ತಿರವೇ ಸುಳಿಯುವುದಿಲ್ಲ ಎಂಬುದು ಅವರ ವಾದ. ಚಿಕ್ಕ ಕಂಪನಿಗಳ ಮಟ್ಟಿಗೆ ಈ ಭಯ ಸುಳ್ಳಲ್ಲ. ಆದರೆ ರಿಪೇರಿಗೆ ಮಾಹಿತಿ ಕೊಡುವುದು ಬೇರೆ, ತಯಾರಿಕೆಯ ಗುಟ್ಟನ್ನು ಪ್ರತಿಸ್ಪರ್ಧಿಗೆ ದಾಟಿಸುವುದು ಬೇರೆ. ಒವನ್ ವಿಷಯದಲ್ಲಿ ಯಾವ ಗುಟ್ಟಿದೆ ಹೇಳಿ?

ಪ್ರಶ್ನೆ: ನಮ್ಮ ದೇಶದ ರಿಪೇರಿ ಹಕ್ಕಿನಲ್ಲಿ ಸೇನೆಯೂ ಸೇರಿದೆಯೇ?
– ಬೆಂಗಳೂರಿನ ಓದುಗರು

ಉತ್ತರ: ಇಲ್ಲ. ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಮಾಡಿದ ಸಮಿತಿ ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಮನೆಬಳಕೆ ವಸ್ತು, ವಾಹನ ಇವಿಷ್ಟನ್ನೇ ಎತ್ತಿಕೊಂಡಿತು. ಸೇನೆಯದ್ದೆಲ್ಲ ಒಪ್ಪಂದದ ಮೇಲೆಯೇ.

ಆದರೆ ಒಪ್ಪಂದದಲ್ಲಿ ಕಾಗದ ಇಸಿದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ಒಳ್ಳೆಯ ಉದಾಹರಣೆ ಇದೆ. 1986ರ ಬೋಫೋರ್ಸ್ ಫಿರಂಗಿ ಒಪ್ಪಂದದ ಭಾಗವಾಗಿ ತಂತ್ರಜ್ಞಾನದ ಸಾವಿರಾರು ಪುಟಗಳು ಬಂದಿದ್ದವು. ಹಗರಣದ ಗದ್ದಲದಲ್ಲಿ ಅವನ್ನು ಕೇಳುವವರೇ ಇರಲಿಲ್ಲ. ಕಂಪನಿಯ ಜೊತೆ ವ್ಯವಹಾರವೂ ನಿಂತು ಬಿಡಿಭಾಗಗಳಿಗೆ ಪರದಾಡುವಂತಾಯಿತು. ಎಷ್ಟೋ ವರ್ಷಗಳ ಮೇಲೆ ಅದೇ ಪುಟಗಳನ್ನು ಬಿಚ್ಚಿ ಧನುಷ್ ಫಿರಂಗಿ ಮಾಡಿದರು. ಮೊದಲ 6 ಫಿರಂಗಿಗಳು ಸೇನೆಗೆ ಸೇರಿದ್ದು 2019ರ ಏಪ್ರಿಲ್‌ನಲ್ಲಿ.

ಹಾಗಂತ ಕಾಗದ ಒಂದಿದ್ದರೆ ಸಾಕು ಅಂತಲೂ ಅಲ್ಲ. ಜಾಗ್ವಾರ್ ವಿಮಾನವನ್ನು ನಿಮ್ಮೂರಿನ ಎಚ್ಎಎಲ್‌ನಲ್ಲೇ ಪರವಾನಗಿ ಪಡೆದು ಕಟ್ಟುತ್ತಿದ್ದರು, ರಿಪೇರಿ ಕೆಲಸ ನಮ್ಮವರಿಗೆ ಚೆನ್ನಾಗಿಯೇ ಗೊತ್ತು. ಆದರೆ ಈ ವಿಮಾನವನ್ನು ಈಗ ಯಾರೂ ತಯಾರಿಸುವುದಿಲ್ಲ, ಹೊಸ ಭಾಗ ಸಿಗುವುದು ಕಷ್ಟ. ಅದಕ್ಕೇ ಫ್ರಾನ್ಸ್, ಒಮಾನ್ ದೇಶಗಳು ಸೇವೆಯಿಂದ ಬಿಟ್ಟ ಹಳೆಯ ಜಾಗ್ವಾರ್‌ಗಳನ್ನು ಬಿಡಿಭಾಗಕ್ಕೆಂದು ತರಿಸಿಕೊಳ್ಳುವ ಏರ್ಪಾಡು ಮಾಡಿದ್ದು.