ತುಂಬುವ ಮುಂಚೆ ಬಿರುಕನ್ನು ಓದಿ

ಪ್ರಶ್ನೆ: ಬೇರೆಯವರು ಬಳಸಿದ್ದ ಫೈಬರ್‌ಗ್ಲಾಸ್ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರುದೋಣಿ) ಒಂದನ್ನು ಕೊಂಡಿದ್ದೇನೆ. ಕೂರುವ ಕುಳಿಯ ಹಿಂದೆ, ಡೆಕ್ (ದೋಣಿಯ ಮೇಲ್ಭಾಗ) ಮೇಲೆ, ಕೂದಲೆಳೆಯಂಥ ಬಿರುಕುಗಳು ಸಾಲಾಗಿ ಎದ್ದಿವೆ. ತಳದಲ್ಲಿ, ಸೀಟಿನ ಕೆಳಗೆ, ನಕ್ಷತ್ರದ ಆಕಾರದ ಬಿರುಕು ಒಂದಿದೆ. ನೀರೇನೂ ಒಳಗೆ ಬರುತ್ತಿಲ್ಲ. ಎಪಾಕ್ಸಿ (ಎರಡು ದ್ರವ ಬೆರೆಸಿ ಬಳಸುವ ಅಂಟು) ತುಂಬಿ ಬಣ್ಣ ಹೊಡೆದರೆ ಸಾಕೇ?

ಉತ್ತರ: ಸದ್ಯಕ್ಕೆ ಎಪಾಕ್ಸಿ ಡಬ್ಬಿ ಮುಚ್ಚಿಯೇ ಇರಲಿ. ನಿಮ್ಮ ದೋಣಿಯಲ್ಲಿರುವುದು ಎರಡು ಬೇರೆ ಬೇರೆ ತಕರಾರು, ಎರಡಕ್ಕೂ ಒಂದೇ ಮದ್ದು ನಡೆಯುವುದಿಲ್ಲ.

ಹೊರಗೆ ಕಾಣುವ ಹೊಳಪಿನ ಪದರವೇ ಜೆಲ್‌ಕೋಟ್. ಬಣ್ಣ ಬೆರೆಸಿದ ಪಾಲಿಯೆಸ್ಟರ್ ರೆಸಿನ್ (ಗಟ್ಟಿಯಾಗುವ ಪ್ಲಾಸ್ಟಿಕ್ ದ್ರವ) ಅದು, ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರೊಳಗೆ ಗಾಜಿನ ನಾರು ಇರುವುದಿಲ್ಲ. ಹಿಂದಿರುವ ಲ್ಯಾಮಿನೇಟ್, ಎಂದರೆ ರೆಸಿನ್‌ನಲ್ಲಿ ನೆನೆದ ಗಾಜಿನ ನಾರಿನ ಪದರಗಳು, ಬಾಗಿ ಮತ್ತೆ ನೆಟ್ಟಗಾಗುತ್ತದೆ. ಜೆಲ್‌ಕೋಟ್‌ಗೆ ಅಷ್ಟು ಬಾಗಲು ಬರುವುದಿಲ್ಲ, ಸೀಳುತ್ತದೆ. ತಯಾರಿಸುವಾಗ ದಪ್ಪಗೆ ಹೊಡೆದಿದ್ದರಂತೂ ಇನ್ನೂ ಬೇಗ ಸೀಳುತ್ತದೆ.

ಡೆಕ್ ಮೇಲಿನ ಸಾಲುಬಿರುಕುಗಳನ್ನು ನೋಡದೆಯೂ ಹೇಳಬಲ್ಲೆ: ಹಿಂದಿನ ಮಾಲೀಕರು ದೋಣಿ ಹತ್ತುವಾಗ ಕುಳಿಯ ಹಿಂದಿನ ಡೆಕ್ ಮೇಲೆಯೇ ಮೊದಲು ಕೂರುತ್ತಿದ್ದಿರಬೇಕು. ಅಥವಾ ಹುಟ್ಟನ್ನು ಅಲ್ಲಿ ಅಡ್ಡ ಇಟ್ಟು ಅದರ ಮೇಲೆ ಭಾರ ಹಾಕುತ್ತಿದ್ದಿರಬೇಕು. ಆ ಸಪಾಟು ಜಾಗ ಪ್ರತಿ ಸಲ ತಗ್ಗಿ ಎದ್ದಿದೆ. ಒಂದೇ ದಿಕ್ಕಿನಲ್ಲಿ, ಅಕ್ಕಪಕ್ಕ ಓಡುವ ಗೆರೆಗಳು ಬಾಗುವಿಕೆಯ ಗುರುತು. ಕಾರಿನ ಮೇಲೆ ಪಟ್ಟಿಯನ್ನು ಬಿಗಿಯಾಗಿ ಎಳೆದು ಕಟ್ಟಿದರೂ ಇಂಥವೇ ಬರುತ್ತವೆ, ಆದರೆ ಪಟ್ಟಿ ಹಾದುಹೋದ ಕಡೆ. ಒಳಗೆ ಕಾಲೂರುವ ಪಟ್ಟಿಯ ಬೋಲ್ಟ್ ಅತಿಯಾಗಿ ಬಿಗಿ ಮಾಡಿದ್ದರೆ ತೂತಿನ ಸುತ್ತ ಗೆರೆಗಳು ಕಿರಣದಂತೆ ಹರಡುತ್ತವೆ. ಬಿರುಕಿನ ಆಕಾರದಲ್ಲಿ ದೋಣಿಯ ಚರಿತ್ರೆ ಇರುತ್ತದೆ. ಮಾರಿದವರು ಹೇಳಿದ್ದಕ್ಕಿಂತ ನಾನು ಇದನ್ನೇ ಹೆಚ್ಚು ನಂಬುತ್ತೇನೆ.

ತಳದ ನಕ್ಷತ್ರದ ಬಗ್ಗೆ ಮಾತ್ರ ನನಗೆ ಅನುಮಾನ. ಹೊರಗಿನಿಂದ ಏಟು ಬಿದ್ದರೆ ಸಾಮಾನ್ಯವಾಗಿ ಉಂಗುರದಂಥ ಗೆರೆಗಳು ಕಾಣುತ್ತವೆ. ಒಂದು ಬಿಂದುವಿನಿಂದ ಎಲ್ಲ ಕಡೆ ಚಿಮ್ಮಿದ ಗೆರೆಗಳು, ಒಳಗಿನಿಂದ ಏನೋ ಒತ್ತಿದೆ ಎಂಬುದರ ಸೂಚನೆ. ನೀವು ಹೇಳುವ ಜಾಗ ಸೀಟಿನ ಕೆಳಗೇ ಇದೆ. ದೋಣಿ ಕಲ್ಲಿನ ಮೇಲೆ ಕೂತಾಗ, ಒಳಗಿದ್ದವರ ಭಾರಕ್ಕೆ ಸೀಟಿನ ಅಂಚು ತಳಕ್ಕೆ ಒತ್ತಿರಬಹುದು. ಸೀಟು ಬಿಚ್ಚಿ ಟಾರ್ಚ್ ಹಿಡಿದು ನೋಡಿ. ಒಳಗೆ ಬಣ್ಣ ಬಳಿದಿಲ್ಲದಿದ್ದರೆ, ಪೆಟ್ಟು ತಿಂದ ಲ್ಯಾಮಿನೇಟ್ ಬಿಳಿಚಿಕೊಂಡು ಕಾಣುತ್ತದೆ: ರೆಸಿನ್ ನಾರನ್ನು ಬಿಟ್ಟಿದೆ ಎಂದರ್ಥ. ಆಮೇಲೆ ಒಂದು ನಾಣ್ಯದಿಂದ ಸುತ್ತಲೂ ಮೆಲ್ಲಗೆ ತಟ್ಟುತ್ತ ಬನ್ನಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಪದರ ಬಿಟ್ಟ ಜಾಗ ಮಂಕಾಗಿ ಸದ್ದು ಮಾಡುತ್ತದೆ. ಹೆಬ್ಬೆರಳಿನಿಂದ ಒತ್ತಿ, ಅಕ್ಕಪಕ್ಕಕ್ಕಿಂತ ಮೆದುವಾಗಿದೆಯೇ ಎಂದೂ ನೋಡಿ.

ಬಿಳಿಚು, ಮಂಕು ಸದ್ದು, ಮೆದು, ಇವುಗಳಲ್ಲಿ ಒಂದು ಕಂಡರೂ ಕೆಲಸ ಒಳಗಿನಿಂದ ಶುರುವಾಗಬೇಕು. ಅಲ್ಲಿ ಹೊರಗೆ ಮಾತ್ರ ತುಂಬುವುದು ಮುರಿದ ಎಲುಬಿಗೆ ಮುಲಾಮು ಹಚ್ಚಿದ ಹಾಗೆ. ಒಳಮೈಯನ್ನು 80ರ ಮರಳುಕಾಗದದಿಂದ ಒರಟು ಮಾಡಿ, ಒಂದಕ್ಕಿಂತ ಒಂದು ದೊಡ್ಡದಾದ ಗಾಜಿನ ಬಟ್ಟೆಯ ತುಂಡುಗಳನ್ನು ರೆಸಿನ್‌ನಲ್ಲಿ ನೆನೆಸಿ ಕೂರಿಸಿ. ನಿಮ್ಮ ಎಪಾಕ್ಸಿಗೆ ಇಲ್ಲಿ ಕೆಲಸವುಂಟು, ಹಳೆಯ ಲ್ಯಾಮಿನೇಟ್‌ಗೆ ಅದು ಚೆನ್ನಾಗಿ ಹಿಡಿಯುತ್ತದೆ. ಹೊರಗೆ ಬೇಡ. ಬಿಸಿಲಿಗೆ ಹಳದಿಯಾಗುತ್ತದೆ, ಮುಂದೆ ಅದರ ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ ಹಚ್ಚಹೋದರೆ ಸರಿಯಾಗಿ ಅಂಟದೇ ಹೋಗಬಹುದು.

ಇನ್ನು ಹೊರಮೈ. ಬಿರುಕಿನ ಮೇಲೆ ಹಾಗೇ ಜೆಲ್‌ಕೋಟ್ ಸವರಿದರೆ ಅದು ಒಳಗಿಳಿಯುವುದಿಲ್ಲ, ಕೆಲವೇ ದಿನಗಳಲ್ಲಿ ಅದೇ ಗೆರೆ ಮತ್ತೆ ಮೇಲೇಳುತ್ತದೆ. ಮೊದಲು ಉಪ್ಪುನೀರಿನ ಅಂಶ ಹೋಗುವಂತೆ ಸಿಹಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಹಳೆಯ ವ್ಯಾಕ್ಸನ್ನು ಉಜ್ಜುವ ಮೊದಲೇ ಒರೆಸಿ ತೆಗೆಯಿರಿ. ಇಲ್ಲವಾದರೆ ಮರಳುಕಾಗದವೇ ಅದನ್ನು ಗೀರುಗಳೊಳಗೆ ತಿಕ್ಕುತ್ತದೆ. ಆಮೇಲೆ ಚೂಪು ಮೂಲೆಯ ಕೆರೆಯುವ ಉಳಿಯಿಂದ ಪ್ರತಿ ಗೆರೆಯನ್ನೂ ಇಂಗ್ಲಿಷಿನ ‘ವಿ’ ಆಕಾರದಲ್ಲಿ ಅಗಲ ಮಾಡಿ, ಬಿರುಕಿನ ಬುಡ ಕಾಣುವವರೆಗೆ. ಅಸಿಟೋನ್‌ನಿಂದ ಒರೆಸಿ, ಅದು ಆರಿದ ಮೇಲೆ ಜೆಲ್‌ಕೋಟನ್ನು ಮಟ್ಟಕ್ಕಿಂತ ತುಸು ಎತ್ತರವಾಗಿ ತುಂಬಿ, ಏಕೆಂದರೆ ಗಟ್ಟಿಯಾಗುತ್ತ ಅದು ಕುಗ್ಗುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ನೀರು ಹಾಕುತ್ತ 320ರಿಂದ 1200ರವರೆಗಿನ ಮರಳುಕಾಗದದಿಂದ ಹಂತಹಂತವಾಗಿ ಉಜ್ಜಿ, ಕೊನೆಗೆ ಪಾಲಿಶ್. ಬಿಳಿ ದೋಣಿಯಾದರೂ ಬಣ್ಣ ತಾಳೆಯಾಗುತ್ತದೆಂದು ಭಾವಿಸಬೇಡಿ. ಬಿಸಿಲು ತಿಂದ ಹಳೆಯ ಬಿಳಿ, ಡಬ್ಬಿಯ ಬಿಳಿಯಲ್ಲ.

ಡೆಕ್ ಮೇಲಿನ ಗೆರೆಗಳಿಗೆ ಇಷ್ಟೆಲ್ಲ ಬೇಕೇ? ನನ್ನ ದೋಣಿಯಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಹೊಳಪಿನ ಹುಚ್ಚಿಗೆ ಕೊನೆಯಿಲ್ಲ. ಅಡಿಯ ಲ್ಯಾಮಿನೇಟ್ ಗಟ್ಟಿಯಿದ್ದರೆ ಆ ಗೆರೆಗಳು ನೋಟಕ್ಕಷ್ಟೇ ತೊಂದರೆ. ತುದಿಗಳಿಗೆ ಪೆನ್ಸಿಲ್ ಗುರುತು ಹಾಕಿಟ್ಟು, ಬೆಳೆಯುತ್ತವೆಯೇ ಎಂದು ಗಮನಿಸಿ. ಬೆಳೆದರೆ ಮೊದಲು ಡೆಕ್ಕಿನ ಒಳಬದಿಗೆ ಗಾಜಿನ ಬಟ್ಟೆ ಕೂರಿಸಿ ಬಿಗಿ ಮಾಡಿ, ತುಂಬುವ ಮಾತು ಆಮೇಲೆ. ತಳದ ನಕ್ಷತ್ರವನ್ನು ಪರೀಕ್ಷಿಸದೆ ಮಾತ್ರ ನೀರಿಗಿಳಿಸಬೇಡಿ.

ಪ್ರಶ್ನೆ: ಹಚ್ಚಿದ ಜೆಲ್‌ಕೋಟ್ ಮಾರನೆಯ ದಿನವೂ ಅಂಟಂಟು. ಗಟ್ಟಿಕಾರಕ ಕಡಿಮೆಯಾಯಿತೇ? ಮುಂದಿನ ಸಲ ಜಾಸ್ತಿ ಹಾಕಲೇ?

ಉತ್ತರ: ಉಗುರಿನಿಂದ ಒತ್ತಿ ನೋಡಿ. ಕೆಳಗೆ ಗಟ್ಟಿ, ಮೇಲ್ಮೈ ಮಾತ್ರ ಅಂಟು ಎಂದಾದರೆ ತಪ್ಪು ಅಳತೆಯದಲ್ಲ, ಗಾಳಿಯದು. ವ್ಯಾಕ್ಸ್ ಬೆರೆಸದ ಜೆಲ್‌ಕೋಟ್ ಆಮ್ಲಜನಕ ತಾಗುವ ಕಡೆ ಪೂರ್ತಿ ಗಟ್ಟಿಯಾಗುವುದಿಲ್ಲ. ಅಸಿಟೋನ್ ಬಟ್ಟೆಯಿಂದ ಅಂಟು ಒರೆಸಿ ಉಜ್ಜಲು ಶುರುಮಾಡಿ. ಮುಂದಿನ ಸಲ ತುಂಬಿದ ಕೂಡಲೇ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಗುಳ್ಳೆಗಳನ್ನು ಅಂಚಿಗೆ ಸವರಿಬಿಡಿ.

ಆಳದವರೆಗೂ ಮೆತ್ತಗಿದ್ದರೆ ಅಳತೆಯೋ ಚಳಿಯೋ ಕಾರಣ. ಎಲ್ಲವನ್ನೂ ಕೆರೆದು ತೆಗೆದು ಹೊಸದಾಗಿ ತುಂಬಬೇಕು. ಗಟ್ಟಿಕಾರಕವಾದ ಎಂಇಕೆಪಿ ಸಾಮಾನ್ಯವಾಗಿ ಜೆಲ್‌ಕೋಟಿನ ತೂಕದ ಶೇಕಡಾ 1ರಿಂದ 2ರಷ್ಟು. ಡಬ್ಬಿಯ ಮೇಲೆ ಬೇರೆ ಬರೆದಿದ್ದರೆ ಅದೇ ಸರಿ. ಹೆಚ್ಚು ಸುರಿದರೆ ಬೇಗ ಬಿಸಿಯೇರಿ ಪೆಡಸಾಗುತ್ತದೆ, ಹೊಸ ಬಿರುಕಿಗೆ ನೀವೇ ದಾರಿ ಮಾಡಿದಂತೆ. ಎಂಇಕೆಪಿಯ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೇ ಅಪಾಯ. ಕಣ್ಣಿಗೆ ಸುರಕ್ಷಾ ಕನ್ನಡಕ, ಕೈಗೆ ನೈಟ್ರೈಲ್ ಗವಸು ಹಾಕಿಕೊಂಡೇ ಅಳತೆ ಮಾಡಿ.